ಚಕ್ರವಿದ್ದ ಸ್ವೀಡನ್ ಕುದುರೆ

ಈ ಭೂಮಿಯನ್ನು ಒಂದು ಗಳಿಗೆಯೂ ನಿಲ್ಲದಂತೆ ತಿರುಗಿಸುತ್ತ, ತಿರುಗುತ್ತಿರುವಾಗಲೇ ಅದಕ್ಕೆ ಹಗಲಿನ ಬಿಳಿ, ಇರುಳಿನ ಕಪ್ಪು, ಚಿಗುರಿನ ಹಸಿರು ಹಚ್ಚುವ ಪರಮ ದಯಾಳು ಅಲ್ಲಾಹನಿಗೆ ಮೊದಲ ಸ್ತುತಿ. ಕೈಗೆ ಕಸುಬು ಕೊಟ್ಟವನೂ ಅವನೇ, ಬಾಯಿಗೆ ನಗು ಕೊಟ್ಟವನೂ ಅವನೇ.

ನಾನು ಚನ್ನಪಟ್ಟಣದ ಬೊಂಬೆ ಮಾಡುವವರ ಮಗಳು. ಮದುವೆಯಾಗಿ ಬಂದು ಸೇರಿದ್ದು ಶಿಕಾಗೋ ಪಕ್ಕದ ಸ್ಕೋಕಿ. ಯಜಮಾನರಿಗೆ ಮಿಚಿಗನ್ನಿನ ಡಿಯರ್‌ಬಾರ್ನಿನಲ್ಲಿ ಕಾರಿನ ಕೆಲಸ. ಸೋಮವಾರ ಹೋದರೆ ಶುಕ್ರವಾರ ಬರುವವರು. ಮಕ್ಕಳು ಸ್ಕೂಲಿಗೆ ಹೋಗತೊಡಗಿದ ಮೇಲೆ, ತೊಂಬತ್ತೆಂಟರ ಚಳಿಗಾಲದಲ್ಲಿ, ನಾನೂ ಒಂದು ಕೆಲಸ ಹಿಡಿದೆ. ಹಿಂದೊಮ್ಮೆ ಸ್ವೀಡನ್ನಿನಿಂದ ಬಂದವರೇ ತುಂಬಿದ್ದ ಉತ್ತರ ಶಿಕಾಗೋದ ಒಂದು ಬೀದಿ. ಅಲ್ಲಿ ಸ್ವೀಡನ್ನಿನ ಮರದ ಕುದುರೆ, ಹುಲ್ಲಿನ ಮೇಕೆ, ಕೈಮಗ್ಗದ ಬಟ್ಟೆ, ಬಣ್ಣದ ಗಾಜು ಮಾರುವ ಸಣ್ಣ ಅಂಗಡಿ.

ಚನ್ನಪಟ್ಟಣದ ಹೆಂಗಸೊಬ್ಬಳು, ತಲೆ ಮೇಲೆ ದುಪಟ್ಟಾ ಹೊದ್ದು, ಶಿಕಾಗೋದಲ್ಲಿ ನಿಂತುಕೊಂಡು, ಪ್ರವಾಸಕ್ಕೆ ಬಂದವರಿಗೆಲ್ಲ ಸ್ವೀಡನ್ನಿನ ಪರಿಚಯ ಮಾಡಿಸಿದರೆ ಏನೇನು ಆಗಬಾರದೋ ಅದೆಲ್ಲ ಆಗುತ್ತದೆ. ಆಗುತ್ತಲೇ ಬಂತು. ನಾನೇನೂ ಹುಡುಕಿಕೊಂಡು ಹೋಗಲಿಲ್ಲ. ಅವೇ ನನ್ನ ವಿಳಾಸ ಕೇಳಿಕೊಂಡು ಬಂದವು.

ತಟ್ಟೆಯಲ್ಲಿ ಉಳಿದ ಕೊನೆಯದು

ಅಂಗಡಿಯ ಒಡತಿ ಬೆಳ್ಳಿಕೂದಲಿನ ಅಜ್ಜಿ. ಹುಟ್ಟಿದ್ದು ಶಿಕಾಗೋದಲ್ಲೇ ಆದರೂ ಅಪ್ಪ ಅಮ್ಮ ಸ್ವೀಡನ್ನಿನವರು. ಕೆಲಸ ಕೇಳಲು ಹೋದ ದಿನ ಬಾಗಿಲಲ್ಲಿ ಅಭ್ಯಾಸಬಲದಿಂದ ಬೂಟು ಬಿಚ್ಚಿದೆ. ಅಜ್ಜಿಯ ಮುಖ ಅರಳಿತು. "ಈ ದೇಶದಲ್ಲಿ ನಾನು ಹೇಳದೆ ಬೂಟು ಬಿಚ್ಚಿದ ಮೊದಲನೆಯವಳು ನೀನು" ಎಂದರು. ಸ್ವೀಡನ್ನಿನವರೂ ಮನೆಯೊಳಗೆ ಬೂಟು ಹಾಕುವುದಿಲ್ಲವಂತೆ. ಅರ್ಧ ಕೆಲಸ ಅಲ್ಲಿಗೇ ಸಿಕ್ಕಿತು ಅಂದುಕೊಂಡೆ.

ಒಳಗೆ ಕಾಫಿ, ಜೊತೆಗೆ ತಟ್ಟೆ ತುಂಬ ಬನ್ನು. ಅಜ್ಜಿ ಕಣ್ಣು ಮುಚ್ಚಿ ಉಸಿರೆಳೆದು, "ವಾಸನೆ ಬರ್ತಿದೆಯಾ? ಇದೇ ಸ್ವೀಡನ್ನಿನ ವಾಸನೆ" ಎಂದರು.

ನಾನೂ ಉಸಿರೆಳೆದೆ. ಏಲಕ್ಕಿ! "ಮೇಡಂ, ಇದು ನಮ್ಮನೆ ಖೀರಿನ ವಾಸನೆ" ಅಂದುಬಿಟ್ಟೆ.

"ತಗೋ" ಎಂದು ತಟ್ಟೆ ಮುಂದೆ ಹಿಡಿದರು. ನಮ್ಮ ಕಡೆ ಮೊದಲ ಸಲಕ್ಕೇ ಕೈ ಹಾಕುವುದುಂಟೇ? "ಬೇಡ ಬೇಡ, ಈಗ ತಾನೆ ತಿಂದು ಬಂದೆ" ಎಂದೆ. ಇನ್ನೊಂದು ಸಲ ಒತ್ತಾಯ ಮಾಡುತ್ತಾರೆ, ಆಗ ಅರ್ಧ ಒಪ್ಪುವುದು, ಮೂರನೆಯ ಸಲಕ್ಕೆ ತೆಗೆದುಕೊಳ್ಳುವುದು. ಹುಟ್ಟಿದಾಗಿನಿಂದ ಗೊತ್ತಿರುವ ಲೆಕ್ಕ. ಅಜ್ಜಿ "ಸರಿ" ಎಂದರು. ತಟ್ಟೆ ಹಿಂದಕ್ಕೆ ಹೋಯಿತು. ಬೆಳಗ್ಗೆಯಿಂದ ಏನೂ ತಿಂದಿರಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಬನ್ನು ನನ್ನ ಕಣ್ಣ ಮುಂದೆಯೇ ಕೂತಿತ್ತು.

ಬುದ್ಧಿ ಬಂತು. ಕೆಲಸಕ್ಕೆ ಸೇರಿದ ದಿನ, ತಟ್ಟೆಯಲ್ಲಿ ಒಂದೇ ಒಂದು ಬಿಸ್ಕತ್ತು ಉಳಿದಿತ್ತು. ಅಜ್ಜಿ "ತಗೋ" ಎನ್ನುವ ಮೊದಲೇ ಬಿಸ್ಮಿಲ್ಲಾ ಹೇಳಿ ಎತ್ತಿಕೊಂಡೆ. ಅಜ್ಜಿ, ಜೊತೆಗೆ ಕಾಫಿಗೆ ಬಂದಿದ್ದ ಅವರ ತಂಗಿ, ಇಬ್ಬರೂ ನಾನು ಗೋಡೆಯಿಂದ ಗಡಿಯಾರ ಕಿತ್ತುಕೊಂಡೆನೋ ಎಂಬಂತೆ ನೋಡಿದರು. ಕೊನೆಯದನ್ನು ಯಾರೂ ತೆಗೆದುಕೊಳ್ಳಬಾರದು, ಅದು ಅವರ ಮರ್ಯಾದೆ. ತೆಗೆದುಕೊಂಡರೂ ಅರ್ಧ ಮಾಡಬೇಕು. ಮುಂದಿನವರು ಆ ಅರ್ಧವನ್ನು ಅರ್ಧ ಮಾಡಬೇಕು. ನಾನೂ ಅರ್ಧ ಮುರಿದು ತಟ್ಟೆಗೆ ವಾಪಸು ಇಟ್ಟೆ. ಸಂಜೆಯ ಹೊತ್ತಿಗೆ ತಟ್ಟೆಯ ನಡುವೆ ಒಂದು ಚೂರು, ಸುತ್ತ ಕೂತ ಮೂವರು.

ನಾನು ಮೆಲ್ಲಗೆ ಹೇಳಿದೆ: "ಮೇಡಂ, ನಮ್ಮಲ್ಲಿ ತಟ್ಟೇಲಿ ಏನೂ ಬಿಡಬಾರದು ಅಂತಾರೆ. ದೇವರ ಬರಕತ್ತು ಯಾವ ಕಾಳಲ್ಲಿದೆಯೋ ಗೊತ್ತಿಲ್ಲವಲ್ಲ."

ಅಜ್ಜಿ ತಟ್ಟೆಯನ್ನು ನನ್ನ ಕಡೆ ಸರಿಸಿದರು. "ಇಷ್ಟು ವರ್ಷ ಆ ಕೊನೆಯದನ್ನು ಪಾರಿವಾಳಕ್ಕೆ ಹಾಕ್ತಾ ಬಂದಿದೀನಿ. ಹಾಕುವಾಗೆಲ್ಲ ಹೊಟ್ಟೆ ಉರೀತಿತ್ತು" ಎಂದರು. ಅಂದಿನಿಂದ ಆ ಕೊನೆಯ ತುಂಡು ನನ್ನ ಪಾಲು.

ಅದೇ ಡಿಸೆಂಬರಿಗೆ ರಂಜಾನ್ ಬಂತು. ನಾನು ಉಪವಾಸ. ಅಜ್ಜಿ ಪ್ರತಿದಿನದ ಕೊನೆಯ ಬಿಸ್ಕತ್ತನ್ನು ಒಂದು ಡಬ್ಬಿಯಲ್ಲಿ ಹಾಕಿಡುತ್ತ, ಸೂರ್ಯ ಮುಳುಗುವುದನ್ನು ಕಿಟಕಿಯಲ್ಲಿ ನಿಂತು ಕಾಯುತ್ತ, "ಮುಳುಗಿತು! ಮುಳುಗಿತು!" ಎಂದು ಗಿರಾಕಿಗಳ ಎದುರಿಗೇ ಕೂಗುತ್ತಿದ್ದರು. ಊರ ಪಕ್ಕದ ಲೇಕ್‌ನಲ್ಲಿ ಹಡಗು ಮುಳುಗಿತೆಂದು ಒಬ್ಬರು ಹೊರಗೆ ಓಡಿಯೇ ಹೋದರು.

ಮರೆತುಹೋದ ಚಕ್ರ

ನಮ್ಮ ಅಂಗಡಿಯ ರಾಜ ಎಂದರೆ ಕುದುರೆ. ದಾಲಾ ಕುದುರೆ ಎನ್ನುತ್ತಾರೆ. ಸ್ವೀಡನ್ನಿನ ಒಂದು ಸೀಮೆಯಲ್ಲಿ ಪೈನ್ ಮರವನ್ನು ಚಾಕುವಿನಲ್ಲೇ ಕೆತ್ತಿ, ಕೆಂಪು ಬಣ್ಣ ಬಳಿದು, ಮೇಲೆ ಹೂಬಳ್ಳಿಯ ಜೀನು ಬರೆಯುತ್ತಾರೆ. ಮರ ಕೆತ್ತಿ ಬಣ್ಣ ಹಾಕುವವರು ಲೋಕದ ಆ ತುದಿಯಲ್ಲೂ ಇದ್ದಾರಲ್ಲ ಎಂದು ನನಗೆ ಸಂಬಂಧಿಕರು ಸಿಕ್ಕಷ್ಟು ಸಂತೋಷ. ಊರಿಗೆ ಹೊರಟಿದ್ದ ಪರಿಚಯದವರ ಕೈಯಲ್ಲಿ ಒಂದು ಕುದುರೆಯನ್ನು ಅಬ್ಬಾಗೆ ಕಳಿಸಿದೆ.

ಅಬ್ಬಾ ಚನ್ನಪಟ್ಟಣದಲ್ಲಿ ಮೈಸೂರು ರಸ್ತೆಗೇ ಅಂಗಡಿ ಇಟ್ಟವರು. ಹಿಂದೆ ಲೇತು, ಮುಂದೆ ಬೊಂಬೆ. ಕುದುರೆ ತಲುಪಿದ ದಿನ ಫೋನ್ ಮಾಡಿದೆ.

"ಹೇಗಿದೆ ಅಬ್ಬಾ?"

"ಮಾಶಾ ಅಲ್ಲಾಹ್, ಕೆತ್ತನೆ ಬಹಳ ಚೆನ್ನಾಗಿದೆ ಬೇಟಿ. ಚಾಕು ಹಿಡಿದ ಕೈ ಒಳ್ಳೇ ಕೈ. ಆದ್ರೆ ಪಾಪ..."

"ಏನಾಯ್ತು?"

"ಚಕ್ರ ಹಾಕೋದು ಮರೆತುಬಿಟ್ಟವ್ರೆ."

ಅದು ಚಕ್ರವಿಲ್ಲದ ಕುದುರೆಯೇ, ಶೆಲ್ಫಿನ ಮೇಲೆ ನಿಲ್ಲಿಸುವುದಕ್ಕೆ ಎಂದು ಎಷ್ಟು ಹೇಳಿದರೂ ಅಬ್ಬಾಗೆ ಸಮಾಧಾನವಾಗಲಿಲ್ಲ. "ನಿಂತೇ ಇರೋದಕ್ಕೆ ಕುದುರೆ ಯಾಕೆ ಬೇಟಿ, ಕಂಬ ಸಾಕಲ್ಲ?"

ಕೆಲವು ತಿಂಗಳಿಗೆ ಅದೇ ಪರಿಚಯದವರ ಕೈಯಲ್ಲಿ ಉತ್ತರ ಬಂತು. ಹಾಲೆಮರದ ಕುದುರೆ, ಅದೇ ಗಾತ್ರ, ಅದೇ ಕೆಂಪು, ಅದೇ ಗಂಭೀರ ನಿಲುವು. ಆದರೆ ಮೈಗೆ ಅರಗಿನ ಹೊಳಪು, ಕಾಲಿಗೆ ನಾಲ್ಕು ಹಳದಿ ಚಕ್ರ. ಜೊತೆಗೆ ಬಾಯಿಮಾತಿನ ಸಂದೇಶ: "ನಿಮ್ಮ ಅಂಗಡಿ ಶೆಲ್ಫಲ್ಲಿ ಅವರ ಕುದುರೆಗಳ ಪಕ್ಕ ಇಡು. ಅವರೂ ನೋಡಲಿ, ಕಲೀಲಿ."

ನನಗೋ ಹೆಮ್ಮೆಯೋ ಹೆಮ್ಮೆ. ಅಜ್ಜಿ ಅದನ್ನು ಕೈಯಲ್ಲಿ ಹಿಡಿದು, ತಿರುಗಿಸಿ, ಕೆನ್ನೆಗೆ ಒತ್ತಿಕೊಂಡರು. "ಎಷ್ಟು ನುಣುಪು!" ಎಂದರು. ಆಮೇಲೆ ನಿಟ್ಟುಸಿರಿಟ್ಟು ನನ್ನ ಕೈಗೇ ಕೊಟ್ಟರು. "ಅಪ್ಪನ ಕಾಲದಿಂದ ಒಂದು ನಿಯಮ ಇದೆ. ಈ ಶೆಲ್ಫಿನ ಮೇಲೆ ಇರೋದೆಲ್ಲ ಸ್ವೀಡನ್ನಿಂದ ಬಂದ ಡಬ್ಬದಿಂದಲೇ ಇಳಿದಿರಬೇಕು. ನಿನಗಾಗಿ ಮುರಿದರೆ ನಾಳೆ ನನ್ನ ತಂಗಿ ಮೆಕ್ಸಿಕೋದ ಟೋಪಿ ತರ್ತಾಳೆ."

ನ್ಯಾಯವಾದ ಮಾತು. ಕುದುರೆ ಕೌಂಟರಿನ ಕೆಳಗೆ, ನನ್ನ ಊಟದ ಡಬ್ಬಿಯ ಪಕ್ಕ ನಿಂತಿತು.

ಆಮೇಲೆ ಪ್ರತಿ ಭಾನುವಾರ ಫೋನಿನಲ್ಲಿ ಸಲಾಂ ಆದ ಕೂಡಲೇ ಅಬ್ಬಾ ಕೇಳುವ ಮೊದಲ ಮಾತು: "ಕುದುರೆ ಮೇಲೆ ಹತ್ತಿತಾ?"

"ಇಲ್ಲ ಅಬ್ಬಾ. ಇನ್ನೂ ಕೆಳಗೇ ಇದೆ."

"ಇರಲಿ. ಅಲ್ಲಾಹ್ ಹತ್ತಿಸ್ತಾನೆ." ಆಮೇಲೆ, "ಅವರ ಕುದುರೆ ನನ್ನ ಅಂಗಡೀಲಿ ಎಲ್ಲಕ್ಕಿಂತ ಮುಂದೆ ಇಟ್ಟಿದೀನಿ, ಬೇಟಿ" ಎನ್ನುವರು.

ಒಂದು ಭಾನುವಾರ ಅಬ್ಬಾ ಹೇಳಿದರು: "ಮಕ್ಕಳು ಅದನ್ನ ನೋಡಿ ಅಳ್ತಾವೆ. ಉರುಳೋದಿಲ್ಲ ಅಂತ."

ರಗ್ಗಿನ ಪರೀಕ್ಷೆ

"ಇದು ಹಳೇ ಸ್ವೀಡನ್. ಹೊಸದನ್ನೂ ನೋಡಿ ಬಾ" ಎಂದು ಅಜ್ಜಿಯೇ ಒಂದು ಶನಿವಾರ ಕಳಿಸಿದರು. ಶಿಕಾಗೋದ ಹೊರವಲಯದಲ್ಲಿ ಆಗಷ್ಟೇ ದೊಡ್ಡದೊಂದು ಸ್ವೀಡಿಷ್ ಫರ್ನಿಚರ್ ಅಂಗಡಿ ತೆರೆದಿತ್ತು. ಮನೆಯವರೆಲ್ಲ ಸೇರಿ ಹೋದೆವು. ಒಳಗೆ ಹೊಕ್ಕರೆ ನೆಲದ ಮೇಲೆ ಬಾಣದ ಗುರುತು. ಅದು ತೋರಿಸಿದ ಕಡೆಗೇ ನಡೆಯಬೇಕು. ಹಾಲ್, ಅಡುಗೆಮನೆ, ಮಲಗುವ ಕೋಣೆ, ಎಲ್ಲವೂ ಯಾರೋ ಈಗಷ್ಟೇ ಎದ್ದುಹೋದ ಹಾಗೆ ಜೋಡಿಸಿಟ್ಟಿದ್ದಾರೆ. ಬೇಡದ್ದು ಒಂದೂ ಇಲ್ಲ, ಬೇಕಾದ್ದು ಎಲ್ಲವೂ ಇದೆ. ಯಜಮಾನರು ಪ್ರತಿ ಕುರ್ಚಿಯನ್ನೂ ಮಗುಚಿ ಕೆಳಗಿನ ಸ್ಕ್ರೂ ನೋಡುತ್ತ, "ವಾ!" ಎನ್ನುತ್ತಿದ್ದರು. ಮಗಳು ದೂರ ನಿಂತು, "ಅಮ್ಮೀ, ಪ್ಲೀಸ್ ಟೆಲ್ ಹಿಮ್ ಟು ಸ್ಟಾಪ್" ಎನ್ನುತ್ತಿದ್ದಳು.

ಗೋಡೆಯ ಶೆಲ್ಫು ಕಂಡಾಗ ಯಜಮಾನರಿಗೆ ಉಪಾಯ ಹೊಳೆಯಿತು. "ಇದನ್ನ ಕೊಂಡು, ಕುದುರೆ ಮೇಲಿಟ್ಟು, ಫೋಟೋ ತೆಗೆದು ಮಾವನವರಿಗೆ ಕಳಿಸೋಣ. ಸ್ವೀಡನ್ ಶೆಲ್ಫು ತಾನೆ?"

"ಅಬ್ಬಾ ಅದನ್ನ ಅಂಗಡಿ ಅಂದುಕೊಳ್ತಾರೆ. ದೇವರು ಫೋಟೋದಲ್ಲಿರೋದನ್ನ ಮಾತ್ರ ನೋಡ್ತಾನಾ?" ಎಂದೆ. ಪಾಪ, ತಲೆ ತಗ್ಗಿಸಿದರು. ಶೆಲ್ಫು ಕೊಂಡೆವು, ಕುರಾನಿಗೂ ಮಕ್ಕಳ ಪುಸ್ತಕಕ್ಕೂ ಆಯಿತು.

ಅಷ್ಟರಲ್ಲಿ ಸೂರ್ಯ ಮುಳುಗಿ ಮಗ್ರಿಬ್ ನಮಾಜಿನ ಹೊತ್ತು. ಬಾಣ ಹಿಡಿದು ಹೊರಗೆ ಹೋಗುವಷ್ಟರಲ್ಲಿ ವೇಳೆ ಮೀರುತ್ತದೆ. ರಗ್ಗುಗಳ ವಿಭಾಗದಲ್ಲಿ ನಿಂತಿದ್ದ ಹುಡುಗಿಯನ್ನು ಯಜಮಾನರು, "ಈ ರಗ್ಗನ್ನು ಐದು ನಿಮಿಷ ಉಪಯೋಗಿಸಬಹುದೇ?" ಎಂದು ಕೇಳಿದರು. ಅವಳು, "ಅದಕ್ಕೇ ಹಾಕಿರೋದು, ಆರಾಮಾಗಿ" ಎಂದಳು. ಶಿಕಾಗೋದಿಂದ ಮೆಕ್ಕಾದ ಕಾಬಾದ ದಿಕ್ಕು ಈಶಾನ್ಯ. ಸೋಫಾಗಳನ್ನು ದಾಟಿ ದೀಪಗಳ ಕಡೆಗೆ. ಯಜಮಾನರು ಮುಂದೆ, ನಾನೂ ಮಗಳೂ ಹಿಂದೆ ನಿಂತೆವು.

ನಮಾಜಿನ ಕೊನೆಗೆ ಸಲಾಂ ಹೇಳಿ ಬಲಕ್ಕೂ ಎಡಕ್ಕೂ ಮುಖ ತಿರುಗಿಸಿದರೆ ಎರಡೂ ಕಡೆ ಜನ! ರಗ್ಗಿನ ಸುತ್ತ ಹತ್ತಾರು ಗಿರಾಕಿಗಳು ಶಿಸ್ತಾಗಿ ನಿಂತು ನೋಡುತ್ತಿದ್ದಾರೆ. ಅಂಗಡಿಯವರೇ ಏರ್ಪಡಿಸಿದ ಪ್ರದರ್ಶನ ಅಂದುಕೊಂಡಿದ್ದರು. ಒಬ್ಬ ಅಮೆರಿಕನ್ ಮುದುಕರು ಹೆಂಡತಿಗೆ, "ನೋಡು, ಎಷ್ಟು ಸಲ ಮಂಡಿಯೂರಿ ಎದ್ದರು! ನೋವೇ ಆಗಿಲ್ಲ" ಎಂದು, ಯಜಮಾನರ ಕಡೆ ತಿರುಗಿ, "ಹೇಗಿದೆ ಸಾರ್ ರಗ್ಗು?" ಎಂದರು.

ನನ್ನ ಯಜಮಾನರು ಸುಳ್ಳು ಹೇಳುವವರಲ್ಲ; ಮೇಲಾಗಿ ಎಂಜಿನಿಯರು. ಗಂಭೀರವಾಗಿ ಉತ್ತರ ಕೊಟ್ಟರು: "ಮಂಡಿಗೆ ಬಹಳ ಚೆನ್ನಾಗಿದೆ. ಹಣೆಗೆ ಸ್ವಲ್ಪ ಚುಚ್ಚುತ್ತೆ."

ಮುದುಕರು ಒಂದು ಕೊಂಡರು. ಅವರನ್ನು ನೋಡಿ ಇನ್ನಿಬ್ಬರು ಕೊಂಡರು. ಹೊರಡುವಾಗ ರಗ್ಗಿನ ಹುಡುಗಿ ಓಡಿಬಂದು ಕೇಳಿದಳು: "ನಾಳೇನೂ ಇದೇ ಟೈಮಿಗೆ ಬರ್ತೀರಾ?"

ಯಜಮಾನರು ಗಡಿಯಾರ ನೋಡಿ ಹೇಳಿದರು: "ನಾಳೆ ಒಂದು ನಿಮಿಷ ಲೇಟಾಗುತ್ತೆ. ಸೂರ್ಯನನ್ನ ಕಾಯಬೇಕಲ್ಲ."

ಶೆಟ್ಟರ ಅಂಗಡಿಯಲ್ಲಿ ಕೆಂಪು ಟೋಪಿ

ರಾಚೆಸ್ಟರ್ ಹಿಲ್ಸಿನಲ್ಲಿ ಯಜಮಾನರ ಸಹೋದ್ಯೋಗಿಯ ಮನೆ. ಅವರ ಶ್ರೀಮತಿ ಮೈಸೂರಿನವರು. ನಾವೆಲ್ಲ ಆಂಟಿ ಅನ್ನುವುದು. ಮಿಚಿಗನ್ನಿನಲ್ಲಿ ಅವರಂತೆ ದಸರಾ ಗೊಂಬೆ ಕೂರಿಸುವವರು ಇಲ್ಲ. ಶಿಕಾಗೋ ನೋಡಲು ಬಂದಾಗ ನಮ್ಮ ಅಂಗಡಿಗೂ ಬಂದು, ಬಿಳಿ ಗಡ್ಡ, ಮೂಗಿನವರೆಗೆ ಇಳಿದ ಕೆಂಪು ಟೋಪಿಯ ಒಂದು ಗಂಡು ಗೊಂಬೆ, ಜಡೆ ಹಾಕಿದ ಒಂದು ಹೆಣ್ಣು ಗೊಂಬೆ ಆರಿಸಿಕೊಂಡು ಹೋಗಿದ್ದರು. ಟೊಮ್ಟೆ ಎನ್ನುತ್ತಾರೆ ಅದಕ್ಕೆ. ಏನು ಎತ್ತ ಎಂದು ಹೇಳಲು ನನಗೆ ಬಿಡುವು ಕೊಡಲಿಲ್ಲ. "ಮುಖದಲ್ಲಿ ಕಳೆ ಇದೆ ಕಣಮ್ಮಾ, ಸಾಕು" ಎಂದಿದ್ದರು.

ಆ ದಸರೆಗೆ ನಮಗೆ ಕರೆ ಬಂತು. ಅಂಗಡಿ ಅಜ್ಜಿಯೂ "ನಾನೂ ನೋಡಬೇಕು" ಎಂದು ಕಾರು ಹತ್ತಿದರು. ಅಲ್ಲಿ ಬಾಗಿಲಲ್ಲಿ ಚಪ್ಪಲಿ ರಾಶಿ ಕಂಡೇ ಅಜ್ಜಿಗೆ ಪರಮಾನಂದ. ಒಳಗೆ ಮೆಟ್ಟಿಲು ಮೆಟ್ಟಿಲಾಗಿ ಗೊಂಬೆ. ಮೇಲೆ ಪಟ್ಟದ ಗೊಂಬೆ, ರಾಜ ರಾಣಿ. ಕೆಳಗಿನ ಮೆಟ್ಟಿಲಲ್ಲಿ ಪ್ರತಿ ಮನೆಯಲ್ಲೂ ಇರುವ ಶೆಟ್ಟರ ಅಂಗಡಿ: ಪುಟ್ಟ ಚೀಲಗಳಲ್ಲಿ ಅಕ್ಕಿ, ಬೇಳೆ, ಬೆಲ್ಲ, ಒಂದು ತಕ್ಕಡಿ. ಅಂಗಡಿಯ ಹಿಂದೆ ಶೆಟ್ಟರ ಜಾಗದಲ್ಲಿ ಕೆಂಪು ಟೋಪಿಯ ಟೊಮ್ಟೆ, ಪಕ್ಕದಲ್ಲಿ ಶೆಟ್ಟಮ್ಮನಾಗಿ ಅವನ ಹೆಂಡತಿ. ಹಣೆಗೆ ಕುಂಕುಮ ಬೇರೆ.

ಅಜ್ಜಿ ಎದೆ ಮೇಲೆ ಕೈ ಇಟ್ಟುಕೊಂಡರು. "ಇವನು ಅಂಗಡಿಯವನಲ್ಲ! ಇವನು ಮನೆ ಕಾಯೋನು. ಕೊಟ್ಟಿಗೆಯಲ್ಲಿ ಕಾಣದ ಹಾಗೆ ಇರ್ತಾನೆ. ಹಬ್ಬದ ದಿನ ಇವನಿಗೆ ಅಕ್ಕಿ ಗಂಜಿ ಮಾಡಿ, ಮೇಲೆ ಬೆಣ್ಣೆ ಇಟ್ಟು ಕೊಡಬೇಕು. ಬೆಣ್ಣೆ ಮರೆತರೆ ಸಿಟ್ಟಾಗಿ ಹಸುವಿಗೆ ಹೊಡೀತಾನೆ ಅಂತ ನಮ್ಮಜ್ಜಿ ಹೇಳ್ತಿದ್ದಳು" ಎಂದರು.

ನಾನು ಕನ್ನಡದಲ್ಲಿ ಹೇಳಿದ್ದೇ ತಡ, ಆಂಟಿ ಗಲ್ಲಕ್ಕೆ ಕೈ ಹೊಡೆದುಕೊಂಡರು. "ಅಯ್ಯೋ ರಾಮ! ಮೊದಲೇ ಹೇಳಬಾರದೇನಮ್ಮಾ? ನಾಲ್ಕು ದಿನದಿಂದ ಉಪವಾಸ ಕೂರಿಸಿದೀನಲ್ಲ!"

"ಮಾಮ್, ಹಿ ಓನ್ಸ್ ಅ ಗ್ರೋಸರಿ ಸ್ಟೋರ್" ಎಂದಳು ಅವರ ಮಗಳು. ಆಂಟಿ ಅಷ್ಟರಲ್ಲಿ ಅಡುಗೆಮನೆ ಸೇರಿದ್ದರು.

ಅಕ್ಕಿ ಪಾಯಸ ಬಂತು, ಮೇಲೆ ಗಟ್ಟಿ ತುಪ್ಪದ ಉಂಡೆ. ಶೆಟ್ಟರಿಗೆ ನೈವೇದ್ಯ ಆದ ಮೇಲೆ ಅಜ್ಜಿ ಒಂದು ಚಮಚ ಬಾಯಿಗಿಟ್ಟು ಇನ್ನೊಂದಕ್ಕೆ ಬಟ್ಟಲು ಚಾಚಿದರು. ಹಾಲು, ಅಕ್ಕಿ, ಏಲಕ್ಕಿ. "ನಮ್ಮಜ್ಜಿ ಮಾಡ್ತಿದ್ದದ್ದು ಇದೇ" ಎಂದರು, ಕಣ್ಣಲ್ಲಿ ನೀರು. ನನಗೂ ಬಂತು. ಎಲ್ಲರ ಹೊಟ್ಟೆಯನ್ನೂ ಒಬ್ಬನೇ ಮಾಡಿದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕೇ?

ಹೊರಡುವಾಗ ಆಂಟಿ ನನ್ನ ಕಿವಿಯಲ್ಲಿ ಹೇಳಿದರು: "ಮೈಸೂರಲ್ಲಿ ನಮ್ಮಕ್ಕ ಕೂರಿಸ್ತಾಳೆ. ಅವಳಿಗೆ ಅಸಲಿ ಸ್ವೀಡನ್ ಕುದುರೆ ಒಂದು ತಗೊಂಡು ಹೋಗಬೇಕು ಕಣಮ್ಮಾ. ಊರಲ್ಲಿ ಯಾರ ಹತ್ತಿರಾನೂ ಇರಬಾರದು, ಅಂಥದ್ದು ಬಂದರೆ ಹೇಳು."

ಮರುವರ್ಷ ಹೋಗಿ ನೋಡುತ್ತೇವೆ, ಶೆಟ್ಟರು ಅಂಗಡಿ ಸಮೇತ ಪಟ್ಟದ ಗೊಂಬೆಯ ಪಕ್ಕಕ್ಕೇ ಬಡ್ತಿ ಪಡೆದಿದ್ದಾರೆ. "ಇದೇನು ಆಂಟಿ?" ಎಂದರೆ, "ಸಿಟ್ಟಿನ ಜನಾನ ಕೆಳಗೆ ಕೂರಿಸಬಾರದಮ್ಮಾ" ಎಂದರು.

ಇಬ್ಬರು ಮುದುಕರ ಆಟ

ಬೇಸಗೆಯಲ್ಲಿ ನಮ್ಮ ಅಂಗಡಿಯ ಬೀದಿಯಲ್ಲಿ ಸ್ವೀಡನ್ನಿನ ಹಬ್ಬ. ಆ ಸಲ ಅಜ್ಜಿ ಸ್ವೀಡನ್ನಿನಿಂದಲೇ ಒಬ್ಬ ಹಿರಿಯ ಕುಶಲಕರ್ಮಿಯನ್ನು ಕರೆಸಿದ್ದರು. ನಮ್ಮ ಭಾಷೆಯಲ್ಲಿ ಉಸ್ತಾದ್. ಅಂಗಡಿ ಮುಂದೆ ಮಣೆ ಹಾಕಿ ಕೂತು ಚಾಕುವಿನಿಂದ ಕುದುರೆ ಕೆತ್ತುವುದು, ಸುತ್ತ ಜನ. ಇಂಗ್ಲಿಷ್ ಅಷ್ಟಕ್ಕಷ್ಟೆ, ಎರಡು ಮಾತಿಗೆ ಒಂದು ಸಲ ತಲೆಯಾಡಿಸುವುದು.

ನೀರು ಬೇಕೆಂದು ಒಳಗೆ ಬಂದವರು ಕೌಂಟರಿನ ಕೆಳಗೆ ನೋಡಿದರು. ನೀರು ಮರೆತರು. ಅಬ್ಬಾನ ಕುದುರೆಯನ್ನು ಎತ್ತಿ ಮೂಸಿದರು, ಉಗುರಿನಲ್ಲಿ ಕೆರೆದರು. ಬಣ್ಣ ಬರಲಿಲ್ಲ.

"ಯಾವ ಪೇಂಟು?"

"ಪೇಂಟಲ್ಲ, ಅರಗು. ಮರ ಲೇತಿನಲ್ಲಿ ತಿರುಗ್ತಾ ಇರುವಾಗ ಅರಗಿನ ಕಡ್ಡಿ ಒತ್ತಿ ಹಿಡೀತಾರೆ. ಉಜ್ಜಿದ ಬಿಸಿಗೆ ಕರಗಿ ಕೂತ್ಕೊಳ್ಳುತ್ತೆ. ಆಮೇಲೆ ತಾಳೆಗರಿಯಲ್ಲಿ ಪಾಲಿಶ್."

"ಗರಿಯಲ್ಲಿ?"

"ಗರಿಯಲ್ಲಿ."

ಉಸ್ತಾದ್ ತಲೆಯ ಟೋಪಿ ತೆಗೆದರು. ಸತ್ಯವಾಗಿ ಹೇಳುತ್ತೇನೆ, ನನ್ನ ಅಬ್ಬಾನ ಕೈಕೆಲಸಕ್ಕೆ ಇನ್ನೊಬ್ಬ ಕೈಕೆಲಸದವರು ಟೋಪಿ ತೆಗೆದದ್ದನ್ನು ನೋಡುವ ಭಾಗ್ಯಕ್ಕೆ ನಾನು ಎರಡು ರಕಾತ್ ನಮಾಜು ಹೆಚ್ಚಾಗಿ ಮಾಡಿದೆ.

ಅಷ್ಟರಲ್ಲಿ ಅವರ ಕಣ್ಣು ಚಕ್ರದ ಮೇಲೆ ಬಿತ್ತು. ಕೌಂಟರಿನ ಮೇಲಿಟ್ಟು ಒಂದು ಬೆರಳಿನಿಂದ ತಳ್ಳಿದರು. ಕುದುರೆ ಸರ್ರನೆ ಹೋಗಿ ಆ ತುದಿಯಲ್ಲಿದ್ದ ಅಜ್ಜಿಯ ಕೈ ಸೇರಿತು. ಅಜ್ಜಿ ವಾಪಸು ತಳ್ಳಿದರು. ಉಸ್ತಾದ್ ಮತ್ತೆ ತಳ್ಳಿದರು. ಹೊರಗೆ ಮಣೆ ಖಾಲಿ, ಜನ ಕಾಯುತ್ತಿದ್ದಾರೆ. ಒಳಗೆ ಇಬ್ಬರು ಮುದುಕರು ಕೇಕೆ ಹಾಕುತ್ತ ಕುದುರೆ ಓಡಿಸುತ್ತಿದ್ದಾರೆ. ಒಬ್ಬ ಗಿರಾಕಿ ಬಂದು, "ಕೆತ್ತನೆ ಯಾವಾಗ ಶುರು?" ಎಂದರೆ ಅಜ್ಜಿ ಅವರನ್ನೇ ಗದರಿದರು: "ಸ್ವಲ್ಪ ತಾಳಿ, ನಾನು ಗೆಲ್ತಾ ಇದೀನಿ."

ಹೊರಡುವ ದಿನ ಉಸ್ತಾದ್ ಎದೆಗೆ ಕೈ ಇಟ್ಟು ನನ್ನ ಹತ್ತಿರ ಆ ಕುದುರೆ ಕೇಳಿದರು: ಊರಿಗೆ ಒಯ್ದು, ತಮ್ಮ ಕಾರ್ಖಾನೆಯವರಿಗೆ ತೋರಿಸಿ, ಕಳಿಸಿಕೊಡುತ್ತೇನೆ ಎಂದು. ನಾನು ಅಬ್ಬಾಗೆ ಫೋನ್ ಮಾಡಿದೆ.

"ಕೊಡು ಬೇಟಿ. ಉಸ್ತಾದ್ ಬಾಯಿಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನಬಾರದು" ಎಂದರು. ಆಮೇಲೆ ಸಣ್ಣ ದನಿಯಲ್ಲಿ, "ಅಲ್ಲಿಗೆ ಶೆಲ್ಫು ಹತ್ತೋದು ಇಲ್ಲ ಅಂತಾಯ್ತು. ಕೆಳಗಾದ್ರೂ ಇತ್ತು, ಈಗ ದೇಶಾನೇ ಬಿಡ್ತು" ಎಂದರು.

ಆ ಶರತ್ಕಾಲವೆಲ್ಲ ಪ್ರತಿ ನಮಾಜಿನ ಕೊನೆಗೆ, ಲೋಕದ ದೊಡ್ಡ ದೊಡ್ಡ ಕಷ್ಟಗಳಿಗೆಲ್ಲ ದುಆ ಮಾಡಿ ಆದ ಮೇಲೆ, ನಾಚಿಕೆಯಿಂದ ಒಂದು ಸಣ್ಣ ಮರದ ಕುದುರೆಯ ವಿಷಯವನ್ನೂ ಸೇರಿಸುತ್ತಿದ್ದೆ.

ನವೆಂಬರಿನಲ್ಲಿ ಕ್ರಿಸ್‌ಮಸ್ ಹಬ್ಬದ ಸಾಮಾನಿನ ಡಬ್ಬ ಬಂತು. ಅಜ್ಜಿ ಬಿಚ್ಚುತ್ತ ಹೋದರು: ಕುದುರೆ, ಕುದುರೆ, ಕುದುರೆ. ನಡುವೆ ಹೊಳೆಯುವ ಇನ್ನೊಂದು. ಅಬ್ಬಾನದೇ! ಬೆನ್ನಿನ ಮೇಲೆ ಉಸ್ತಾದ್ ತಮ್ಮ ಕೈಯಾರೆ ಬಿಳಿ ನೀಲಿ ಹೂಬಳ್ಳಿಯ ಜೀನು ಬರೆದಿದ್ದರು. ಕೆಳಗೆ ಚನ್ನಪಟ್ಟಣದ ಹಳದಿ ಚಕ್ರ, ಮೇಲೆ ಸ್ವೀಡನ್ನಿನ ಹೂವು.

ಅಜ್ಜಿ ಡಬ್ಬದ ಮೇಲಿನ ಅಂಚೆಯ ಗುರುತನ್ನು ನೋಡಿದರು, ಕುದುರೆಯನ್ನು ನೋಡಿದರು, ನನ್ನನ್ನು ನೋಡಿದರು.

"ಇದು ಎಲ್ಲಿಂದ ಇಳೀತು?"

"ಸ್ವೀಡನ್ನಿಂದ ಬಂದ ಡಬ್ಬದಿಂದ, ಮೇಡಂ."

"ಹಾಗಾದರೆ ನನ್ನನ್ನೇನು ನೋಡ್ತೀಯಾ? ನಿಯಮ ಅಂದರೆ ನಿಯಮ" ಎಂದವರೇ ಸ್ಟೂಲು ಹತ್ತಿ, ನಡು ಶೆಲ್ಫಿನಲ್ಲಿ, ಎಲ್ಲ ಕುದುರೆಗಳಿಗಿಂತ ಮುಂದೆ ನಿಲ್ಲಿಸಿದರು. ಆ ಭಾನುವಾರ ಫೋನಿನಲ್ಲಿ ಅಬ್ಬಾ ಕೇಳುವ ಮೊದಲೇ, "ಹತ್ತಿತು!" ಎಂದೆ. ಆ ಕಡೆ ರಿಸೀವರನ್ನು ಮೇಜಿನ ಮೇಲೆ ಬಿಟ್ಟ ಸದ್ದು. ಆಮೇಲೆ ನಮ್ಮ ಅಮ್ಮಿ ಫೋನ್ ತೆಗೆದುಕೊಂಡು, "ಏನು ಹೇಳಿದೆ ಅವರಿಗೆ? ಚಪ್ಪಲಿ ಇಲ್ದೆ ಮಿಠಾಯಿ ತರೋಕೆ ಓಡಿಹೋದ್ರಲ್ಲ!" ಎಂದರು.

ಅಸಲಿ ಸ್ವೀಡನ್ ಮಾಲು

ಈದ್ ಬಂತು. ನಾನು ರಜಾ ಹಾಕಿ ಡಿಯರ್‌ಬಾರ್ನಿಗೆ ಹೋದೆ. ತಿರುಗಿ ಬಂದು ನೋಡಿದರೆ ನಡು ಶೆಲ್ಫು ಖಾಲಿ. ಅಜ್ಜಿ ಮುಖ ಮುಚ್ಚಿಕೊಂಡು ಕೂತಿದ್ದಾರೆ.

"ಮಿಚಿಗನ್ನಿನ ನಿನ್ನ ಗೊಂಬೆಯ ಆಂಟಿ ಬಂದಿದ್ದಳು. ನಾನು ಬೇಡ ಅಂದೆ! ಮಾರೋದಕ್ಕಲ್ಲ ಅಂದೆ! ನಾನು ಬೇಡ ಅಂದಷ್ಟೂ ಅವಳು ನಗ್ತಾಳೆ, ಕೈ ಹಿಡ್ಕೊಳ್ತಾಳೆ, ಮತ್ತೆ ಕೇಳ್ತಾಳೆ. ಇದು ಸ್ವೀಡನ್ನಿಂದ ಬಂದದ್ದು, ಇಂಥದ್ದು ಬೇರೆ ಇಲ್ಲ, ಇದನ್ನ ಮಾಡಿದವರು ಅಂತ ಶುರು ಮಾಡಿದೆ, ಮುಗಿಸೋಕೆ ಬಿಡಲಿಲ್ಲ. ದುಡ್ಡು ಕೌಂಟರ್ ಮೇಲಿಟ್ಟು, ನನ್ನನ್ನ ತಬ್ಬಿಕೊಂಡು ಹೊರಟೇಹೋದಳು!"

ನಾನು ತಲೆಗೆ ಕೈ ಹೊತ್ತೆ. ಬೇಡ ಬೇಡ ಎಂದವರಿಗೆ ಮೂರು ಸಲ ಒತ್ತಾಯ ಮಾಡುವುದು ನಮ್ಮ ಕಡೆಯ ಮರ್ಯಾದೆ. ಅಜ್ಜಿ ಪಾಪ ನಿಜವಾಗಿ ಬೇಡ ಅಂದಿದ್ದರು. ಆಂಟಿ ಅದನ್ನು ಸೌಜನ್ಯ ಅಂದುಕೊಂಡಿದ್ದರು. ಆಂಟಿಗೆ ಫೋನ್ ಮಾಡಿದರೆ ಆಗಲೇ ಇಂಡಿಯಾಕ್ಕೆ ವಿಮಾನ ಹತ್ತಿಯಾಗಿತ್ತು.

ಅಬ್ಬಾಗೆ ಹೇಗೆ ಹೇಳಲಿ? ಶೆಲ್ಫು ಹತ್ತಿದ ಕುದುರೆ ಮೊಹಲ್ಲಾದ ಬಾಯಲ್ಲೆಲ್ಲ ಇದೆ. ಭಾನುವಾರ ಬಂತು. ಬಿಸ್ಮಿಲ್ಲಾ ಹೇಳಿ ನಂಬರು ಒತ್ತಿದೆ. ಅಬ್ಬಾ ಫೋನ್ ಎತ್ತಿದರು. ಉಸಿರು ಸಿಕ್ಕಿಹಾಕಿಕೊಂಡಂತೆ ಸದ್ದು.

"ಅಬ್ಬಾ! ಏನಾಯ್ತು?"

ನಗುತ್ತಿದ್ದರು. ನಕ್ಕು ನಕ್ಕು ಸುಧಾರಿಸಿಕೊಂಡು ಹೇಳಿದ್ದು ಇದು.

ಹಿಂದಿನ ದಿನ ಬೆಂಗಳೂರಿನಿಂದ ಮೈಸೂರಿಗೆ ಹೋಗುತ್ತಿದ್ದ ಒಂದು ಕಾರು ಅಬ್ಬಾನ ಅಂಗಡಿ ಮುಂದೆ ನಿಂತಿತು. ರೇಷ್ಮೆ ಸೀರೆಯ ಒಬ್ಬರು ಇಳಿದರು. ಟವೆಲ್ಲಿನಲ್ಲಿ ಸುತ್ತಿದ್ದ ಏನನ್ನೋ ಮಗುವಿನಂತೆ ಹಿಡಿದಿದ್ದರು.

"ಏನಪ್ಪಾ, ಬೊಂಬೆ ರಿಪೇರಿ ಮಾಡ್ತೀರಾ? ಸೂಟ್‌ಕೇಸಲ್ಲಿ ಇದರ ಒಂದು ಚಕ್ರ ಮುರಿದುಹೋಯ್ತು."

ಟವೆಲ್ಲು ಬಿಚ್ಚಿದರು. ಅಬ್ಬಾ ನೋಡಿದರು. ಕನ್ನಡಕ ಒರೆಸಿ ಮತ್ತೆ ನೋಡಿದರು.

"ಹುಷಾರು ಕಣಪ್ಪಾ" ಎಂದರಂತೆ ಆಂಟಿ. "ಇದು ನಿಮ್ಮ ಚನ್ನಪಟ್ಟಣದ್ದಲ್ಲ. ಅಸಲಿ ಸ್ವೀಡನ್ ಮಾಲು. ಶಿಕಾಗೋದಲ್ಲಿ ಕೊಡಲ್ಲ ಕೊಡಲ್ಲ ಅಂದರೂ ಬಿಡದೆ ತಂದಿದೀನಿ. ಈ ಹಳದಿ ನಿಮ್ಮಲ್ಲಿ ಸಿಗಲ್ಲ, ಮ್ಯಾಚ್ ಆಗದಿದ್ರೂ ಪರವಾಗಿಲ್ಲ, ಉರುಳಿದರೆ ಸಾಕು."

ಅಬ್ಬಾ ಡ್ರಾಯರು ಎಳೆದರು. ಆ ಕುದುರೆಗೆಂದು ಕಡೆದಾಗ ಹೆಚ್ಚಾಗಿ ಉಳಿದಿದ್ದ ಅದೇ ಹಳದಿ ಚಕ್ರ ತೆಗೆದು ಹಾಕಿದರು. ಟಕ್ಕನೆ ಕೂತಿತು.

"ಅಬ್ಬಬ್ಬಾ! ಹೇಗ್ರೀ ಇಷ್ಟು ಸರಿಯಾಗಿ ಕೂತ್ಕೊಳ್ತು?"

"ಅಮ್ಮಾವ್ರೇ, ಇದನ್ನ ಮಾಡಿದ್ದು ನಾನೇ."

ಆಂಟಿ ಗಟ್ಟಿಯಾಗಿ ನಕ್ಕರಂತೆ. "ಸುಮ್ಮನಿರಪ್ಪಾ, ತಮಾಷೆ ಮಾಡ್ತೀರಲ್ಲ! ಆ ಅಂಗಡಿ ಅಜ್ಜಿ ಸುಳ್ಳು ಹೇಳೋ ಪೈಕಿ ಅಲ್ಲ. ಸ್ವೀಡನ್ ಡಬ್ಬದಿಂದಲೇ ಇಳಿದದ್ದು ಇದು."

ಅಬ್ಬಾ ವಾದ ಮಾಡಲಿಲ್ಲ. ಒಂದೇ ಒಂದು ಮಾತು ಕೇಳಿದರು: "ಅಮ್ಮಾವ್ರೇ, ಅಂಗಡೀಲಿ ಇದನ್ನ ಎಲ್ಲಿ ಇಟ್ಟಿದ್ರು?"

"ನಡು ಶೆಲ್ಫಲ್ಲಿ. ಎಲ್ಲ ಕುದುರೆಗಿಂತ ಮುಂದೆ. ಬಾಗಿಲಿಂದಲೇ ಎದ್ದು ಕಾಣ್ತಿತ್ತು."

"ಅಷ್ಟು ಕೇಳಿದ ಮೇಲೆ ಕೂಲಿ ಹೇಗೆ ತಗೊಳ್ಳಲಿ ಬೇಟಿ?" ಎಂದರು ಅಬ್ಬಾ. ಬೇಡ ಎಂದರಂತೆ. ಆಂಟಿ ಒತ್ತಾಯ ಮಾಡಿದರು. ಮೂರು ಸಲವೂ ಬೇಡ ಎಂದರು. ಜನ್ಮದಲ್ಲಿ ಮೊದಲ ಸಲ ಮೂರನೆಯ ಸಲವೂ ಒಪ್ಪಲಿಲ್ಲ. ಆಂಟಿಗೆ ಮನಸ್ಸು ಕರಗಿತು. ಕಾರು ಹತ್ತಿದವರು ಗಾಜು ಇಳಿಸಿ, ಆ ಬಡಪಾಯಿ ಬೊಂಬೆಯವನಿಗೆ ಒಂದು ಧೈರ್ಯದ ಮಾತು ಹೇಳಿಯೇ ಹೋದರು:

"ನಿಮ್ಮ ಕೈ ಚೆನ್ನಾಗಿದೆ ಕಣಪ್ಪಾ. ನೀವೂ ಇಂಥದ್ದು ಮಾಡೋಕೆ ಟ್ರೈ ಮಾಡಿ. ಕಷ್ಟ, ಆದರೂ ಕಲಿತರೆ ಬರುತ್ತೆ!"

"ನೀವೇನಂದ್ರಿ ಅಬ್ಬಾ?"

"ಇನ್ನೇನನ್ಲಿ? ದುಆ ಮಾಡಿ ಅಮ್ಮಾವ್ರೇ, ಕಲೀತೀನಿ ಅಂದೆ."

ಇಷ್ಟು ಹೊತ್ತು ಕೂತು ಕೇಳಿದ ನಿಮಗೆಲ್ಲ ಆ ದಯಾಮಯನು ಒಳ್ಳೆಯದು ಮಾಡಲಿ. ನಿಮ್ಮ ತಟ್ಟೆಯಲ್ಲಿ ಕೊನೆಯದೊಂದು ಸದಾ ಉಳಿದಿರಲಿ, ಅದನ್ನು ತಿನ್ನುವ ಅತಿಥಿ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿರಲಿ. ನಿಮ್ಮ ಕೈಕೆಲಸ ಏರಬೇಕಾದ ಶೆಲ್ಫನ್ನು ಏರಲಿ. ಏರಿದ್ದು ಎಷ್ಟು ದೇಶ ಸುತ್ತಿದರೂ ಚಕ್ರ ಮುರಿದ ಹೊತ್ತಿಗೆ ಮಾಡಿದವರ ಕೈಗೇ ಬಂದು ಸೇರಲಿ. ಆಮೀನ್.